ವಾಕರ್ ಅಂದ್ರೆ ನಡೆಯುವವನಲ್ಲ, ತುಳಿಯುವವನು

ಇಂಗ್ಲೆಂಡಿನ ರೀಡಿಂಗ್ ಊರಿನಿಂದ ಪ್ರಶ್ನೆ:
ಇಯರ್ 5 (9–10 ವರ್ಷದ) ಮಕ್ಕಳಿಗೆ ಅಡ್ಡಹೆಸರಿನ ಮೂಲ ಹುಡುಕೋ ಪ್ರಾಜೆಕ್ಟ್ ಬಂದಿದೆ. ಒಂದು ಇಂಗ್ಲಿಷ್ ಹೆಸರು, ಜೊತೆಗೆ ತಮ್ಮ ಮನೆಯ ಹೆಸರು, ಎರಡನ್ನೂ ಬರೆಯಬೇಕು. ಇಂಗ್ಲಿಷಿನದು ವಾಕರ್. ನೆಟ್ಟಲ್ಲಿ ಒಂದು ಕಡೆ "ನಡೆಯುವವನು", ಇನ್ನೊಂದು ಕಡೆ "ಅರಣ್ಯ ಕಾವಲಿನವನು", ಮತ್ತೊಂದು ಕಡೆ ಬಟ್ಟೆ ಕೆಲಸದವನು ಅಂತಿದೆ. ಯಾವುದನ್ನು ನಂಬೋದು?

ಹಡರ್ಸ್‌ಫೀಲ್ಡ್‌ನಿಂದ:
ಮೂರನೆಯದು. ಹಳೆ ಇಂಗ್ಲಿಷಿನ "ವೆಯಾಲ್ಕನ್" ಅಂದ್ರೆ ಹೊರಳಿಸು, ನಾದು. ಅದನ್ನು ಮಾಡುವವನು "ವೆಯಾಲ್ಕೆರೆ". ಮಗ್ಗದಿಂದ ಇಳಿದ ಉಣ್ಣೆ ಬಟ್ಟೆಯನ್ನು ಕಾಲಲ್ಲಿ ತುಳಿದು ಗಟ್ಟಿ ಮಾಡೋದು ಅವನ ಕಸುಬು.

ಮಗುವಿಗೆ ಕೆಲಸದ ಕ್ರಮ ಅರ್ಥವಾದರೆ ಹೆಸರು ತಾನಾಗಿಯೇ ಅರ್ಥವಾಗುತ್ತೆ. ಮಗ್ಗದಿಂದ ಬಂದ ಬಟ್ಟೆ ಸಡಿಲ, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತೆ. ಅದರಲ್ಲಿ ಕುರಿಯ ಜಿಡ್ಡು ಒಂದು, ನೂಲೋಕೆ ಅನುಕೂಲವಾಗಲಿ ಅಂತ ಸವರಿದ ಎಣ್ಣೆ ಇನ್ನೊಂದು, ಎರಡೂ ಹೋಗಬೇಕು. ಬಟ್ಟೆಯನ್ನು ತೊಟ್ಟಿಗೆ ಹಾಕಿ, ಹಳಸಿದ ಮೂತ್ರ ಸುರಿದು, ಬರಿಗಾಲಲ್ಲಿ ಗಂಟೆಗಟ್ಟಲೆ ತುಳಿಯೋರು. ಮೂತ್ರ ಹಳಸಿದಾಗ ಅಮೋನಿಯಾ ಹುಟ್ಟುತ್ತೆ, ಅದು ಜಿಡ್ಡನ್ನು ಬಿಡಿಸುತ್ತೆ. (ಈ ಭಾಗವನ್ನು ಮಕ್ಕಳು ಜನ್ಮದಲ್ಲಿ ಮರೆಯಲ್ಲ.) ಉಣ್ಣೆಯ ಎಳೆ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರ ಇರುತ್ತೆ. ಬಿಸಿ, ಒದ್ದೆ, ತುಳಿತ ಮೂರೂ ಸೇರಿದಾಗ ಆ ಪದರಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತೆ. ಆಮೇಲೆ ಉದ್ದ ಚೌಕಟ್ಟಿನ ಕೊಕ್ಕೆಗಳಿಗೆ ಎಳೆದು ಸಿಕ್ಕಿಸಿ ಒಣಗಿಸೋದು. ಇಂಗ್ಲಿಷಲ್ಲಿ ಆತಂಕದಲ್ಲಿರುವವರನ್ನು "ಟೆಂಟರ್‌ಹುಕ್ಸ್ ಮೇಲೆ" ಅಂತಾರಲ್ಲ, ಅವೇ ಈ ಕೊಕ್ಕೆಗಳು. ತುಳಿತ ಸಮ ಬೀಳದಿದ್ದರೆ ಬಟ್ಟೆ ಒಂದು ಕಡೆ ಕಂಬಳಿ, ಇನ್ನೊಂದು ಕಡೆ ಜಾಳುಜಾಳು. ಅಳತೆ ಹೆಚ್ಚಿಸೋ ಆಸೆಗೆ ಕೊಕ್ಕೆಯಲ್ಲಿ ಅತಿಯಾಗಿ ಎಳೆದಿದ್ದರೆ ಮೊದಲ ಮಳೆಗೇ ಮತ್ತೆ ಕುಗ್ಗಿ ಮೋಸ ಬಯಲಾಗೋದು.

ಕಾಲಿನ ಕೆಲಸಕ್ಕೆ ನೀರಿನ ಗಿರಣಿ ಬಂತು. 1185ರಲ್ಲಿ ಬರೆದ, ಧರ್ಮಯುದ್ಧದ ಸನ್ಯಾಸಿ-ಯೋಧರಾದ ಟೆಂಪ್ಲರ್‌ಗಳ ಆಸ್ತಿ ಪಟ್ಟಿಯಲ್ಲೇ ಇಂಥ ಗಿರಣಿಗಳ ಉಲ್ಲೇಖ ಇದೆ. ನೀರಿನ ಚಕ್ರ ತಿರುಗಿದಂತೆ ಮರದ ಕೊಡತಿ ಎದ್ದು ಬಟ್ಟೆ ಮೇಲೆ ಬೀಳೋದು. ತುಳಿಯೋದು ನಿಂತರೂ "ತುಳಿಯುವವನು" ಅನ್ನೋ ಹೆಸರು ಉಳೀತು.

ಎಕ್ಸೆಟರ್‌ನಿಂದ:
ಇದೇ ಕಸುಬಿಗೆ ಇಂಗ್ಲೆಂಡಲ್ಲಿ ಮೂರು ಹೆಸರು, ಸೀಮೆಗೊಂದು. ಉತ್ತರ ಮತ್ತು ಮಧ್ಯಭಾಗದಲ್ಲಿ ವಾಕರ್, ಆಗ್ನೇಯದಲ್ಲಿ ಮತ್ತು ನಾರ್ಫೋಕ್-ಸಫೋಕ್ ಕಡೆ ಫುಲ್ಲರ್, ಡೆವನ್-ಸಾಮರ್‌ಸೆಟ್ ಕಡೆ ಟಕರ್. ನಮ್ಮಲ್ಲಿ ಒಂದೇ ತಿಂಡಿ ಊರು ದಾಟಿದರೆ ಬೇರೆ ಹೆಸರಲ್ಲಿ ಸಿಗೋ ಹಾಗೆ. ಟಕರ್ ಬಂದಿರೋದು "ಟೂಕಿಯನ್" ಎಂಬ ಹಳೆ ಇಂಗ್ಲಿಷ್ ಕ್ರಿಯಾಪದದಿಂದ. ಅದರ ಅರ್ಥ ಹಿಂಸಿಸು, ಪೀಡಿಸು! ಬಟ್ಟೆಯ ಕಡೆಯಿಂದ ನೋಡಿದರೆ ನ್ಯಾಯವಾದ ಮಾತೇ. ಎಕ್ಸೆಟರ್‌ನ ಫೋರ್ ಸ್ಟ್ರೀಟಲ್ಲಿ ಟಕರ್ಸ್ ಹಾಲ್ ಇದೆ, 1471ರ ಕಟ್ಟಡ. ನೇಕಾರರು, ಟಕರ್‌ಗಳು ಮತ್ತು ಬಟ್ಟೆಯ ಜುಂಗು ಕತ್ತರಿಸುವ ಶಿಯರ್‌ಮನ್‌ಗಳ ಸಂಘದ್ದು. ಶರ್ಮನ್ ಅನ್ನೋ ಅಡ್ಡಹೆಸರು ಆ ಶಿಯರ್‌ಮನ್‌ನಿಂದಲೇ.

ಲೂಯಿಸ್, ಸಸೆಕ್ಸ್‌ನಿಂದ:
ಫುಲ್ಲರ್‌ಗೆ ಒಂದು ಸೇರಿಸ್ತೀನಿ. ಮೂಲ ಲ್ಯಾಟಿನ್‌ನ "ಫುಲ್ಲೋ". ಜಿಡ್ಡು ಹೀರೋಕೆ ಬಳಸುತ್ತಿದ್ದ ಮಣ್ಣಿನ ಹೆಸರೇ ಫುಲ್ಲರ್ಸ್ ಅರ್ತ್. ನಮ್ಮವರು ಮುಖಕ್ಕೆ ಹಚ್ಚಿಕೊಳ್ಳೋ ಮುಲ್ತಾನಿ ಮಿಟ್ಟಿ ಇದೇ ಜಾತಿಯ ಮಣ್ಣು, ಅಲ್ಲಿ ಹೀರೋದೂ ಜಿಡ್ಡನ್ನೇ. ಪೋಸ್ಟರ್‌ಗೆ ಒಂದು ಚಿಟಿಕೆ ಅಂಟಿಸಿ, ಟೀಚರ್ ಖುಷಿಪಡ್ತಾರೆ.

ವಾಕರ್, ಫುಲ್ಲರ್ ಒಂದೇ ಅನ್ನೋಕೆ ಸಾಕ್ಷಿ ಬೇಕಿದ್ದರೆ 14ನೇ ಶತಮಾನದ ಕೊನೆಯ ಇಂಗ್ಲಿಷ್ ಅನುವಾದ, ವಿಕ್ಲಿಫ್ ಬೈಬಲ್ ಇದೆ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಎರಡೂ ಪದಗಳನ್ನು "ಅಥವಾ" ಹಾಕಿ ಪಕ್ಕಪಕ್ಕ ಇಟ್ಟಿದ್ದಾರೆ.

"ನಡೆಯುವವನು" ಅನ್ನೋ ತಪ್ಪು ಗಟ್ಟಿಯಾಗಲು ಜಾನಿ ವಾಕರ್ ಬಾಟಲಿಯ ಪಾಲೂ ಇದೆ. ಜಾನ್ ವಾಕರ್ 1820ರಲ್ಲಿ ಸ್ಕಾಟ್ಲೆಂಡಿನ ಕಿಲ್‌ಮಾರ್ನಕ್‌ನಲ್ಲಿ ಕಿರಾಣಿ ಅಂಗಡಿ ತೆರೆದವನು. ಬೀಸುಗಾಲು ಹಾಕುವ ಟೋಪಿಯವನ ಚಿತ್ರ ಬಂದಿದ್ದು 1908ರಲ್ಲಿ, ಹೆಸರಿನ ಮೇಲಿನ ಶ್ಲೇಷೆಯಾಗಿ. ಶಾಲೆ ಪೋಸ್ಟರಿಗೆ ಈ ಉದಾಹರಣೆ ಬೇಡ ಬಿಡಿ.

ನ್ಯೂಜೆರ್ಸಿಯಿಂದ:
ಎಷ್ಟು ಜನರಿಗಿದೆ ಅಂತ ಕೇಳೇ ಕೇಳ್ತಾರೆ. ಅಮೆರಿಕದ 2000ದ ಜನಗಣತಿಯಲ್ಲಿ ವಾಕರ್ 28ನೇ ಸ್ಥಾನದಲ್ಲಿತ್ತು, ಸುಮಾರು 5 ಲಕ್ಷ ಜನ. 2010ಕ್ಕೆ 5,23,129 ಆಯ್ತು, ಆದರೆ ಸ್ಥಾನ ಕೆಳಗಿಳೀತು. ಕಾರಣ ವಾಕರ್‌ಗಳು ಕಡಿಮೆಯಾದದ್ದಲ್ಲ, ಸ್ಪ್ಯಾನಿಷ್ ಮೂಲದ ಹೆಸರುಗಳು ಮೇಲೇರಿದ್ದು. ಬರೀ ಸ್ಥಾನ ನೋಡಿ "ಜನಪ್ರಿಯತೆ ಇಳೀತು" ಅಂತ ಬರೆದರೆ ತಪ್ಪಾಗುತ್ತೆ, ಸಂಖ್ಯೆ ಮತ್ತು ಸ್ಥಾನ ಎರಡನ್ನೂ ಹಾಕಿಸಿ. ಇಲ್ಲಿನ ವಾಕರ್‌ಗಳಲ್ಲಿ ಆಫ್ರಿಕನ್ ಅಮೆರಿಕನ್ನರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರ ಮಟ್ಟಿಗೆ ಇಂಗ್ಲೆಂಡಿನ ಬಟ್ಟೆ ತುಳಿಯೋ ತೊಟ್ಟಿಯ ಕತೆಗಿಂತ ಗುಲಾಮಗಿರಿಯ ಕಾಲದ ದಾಖಲೆಗಳೇ ಮುಖ್ಯ. ಹೆಸರಿನ ಮೂಲ ಬೇರೆ, ಆ ಹೆಸರಿನವರ ಮೂಲ ಬೇರೆ.

ಹಡರ್ಸ್‌ಫೀಲ್ಡ್‌ನಿಂದ:
ಹುಡುಕೋ ದಾರಿ: ಮೊದಲು 2016ರ ಆಕ್ಸ್‌ಫರ್ಡ್ ಕುಟುಂಬನಾಮಗಳ ನಿಘಂಟು. ನಾಲ್ಕು ಸಂಪುಟ, 45 ಸಾವಿರಕ್ಕೂ ಹೆಚ್ಚು ಹೆಸರು. ಕೊಳ್ಳೋ ಬೆಲೆಯಲ್ಲ, ಲೈಬ್ರರಿ ಕಾರ್ಡಿದ್ದರೆ ಆನ್‌ಲೈನಲ್ಲಿ ಸಿಗುತ್ತಾ ಕೇಳಿ. ಆಮೇಲೆ 1881ರ ಬ್ರಿಟನ್ನಿನ ಜನಗಣತಿ, ವಂಶಾವಳಿ ವೆಬ್‌ಸೈಟ್ ಫ್ಯಾಮಿಲಿಸರ್ಚ್‌ನಲ್ಲಿ ಉಚಿತ. ರೈಲು ಬಂದ ಮೇಲೂ ಬಹಳಷ್ಟು ಮನೆತನಗಳು ಮೂಲ ಸೀಮೆಯ ಸುತ್ತಲೇ ಇದ್ದವು ಅಂತ ಅದರಲ್ಲಿ ಗೊತ್ತಾಗುತ್ತೆ. ಅದಕ್ಕೂ ಹಿಂದೆ ಹೋದರೆ 1538ರಿಂದ ಶುರುವಾದ ಚರ್ಚ್ ದಾಖಲೆಗಳು, 1379ರ ತಲೆಗಂದಾಯದ ಪಟ್ಟಿ. ಹಳೆ ದಾಖಲೆಯಲ್ಲಿ "ಲೆ ವಾಕರ್" ಅಂತಿದ್ದರೆ ("ಲೆ" ಅಂದ್ರೆ ಫ್ರೆಂಚಿನ "ದಿ") ಸಾಮಾನ್ಯವಾಗಿ ಅವನು ಆ ಕೆಲಸ ಮಾಡುತ್ತಿದ್ದವನೇ. "ಲೆ" ಬಿದ್ದುಹೋಗಿ ಮಗನಿಗೂ ಮೊಮ್ಮಗನಿಗೂ ಅದೇ ಹೆಸರು ಬರತೊಡಗಿದರೆ ಹೆಸರು ಹೆಪ್ಪುಗಟ್ಟಿತು ಅಂತ ಲೆಕ್ಕ. ದಕ್ಷಿಣದಲ್ಲಿ ಇದು ಬೇಗ ಆಯ್ತು, ಉತ್ತರದಲ್ಲಿ ತಡವಾಗಿ.

"ವಾಕರ್ ಮನೆತನದ ಲಾಂಛನ" ಅಂತ ಕಾಫಿ ಮಗ್ಗು, ಫ್ರೇಮು ಮಾರೋರನ್ನು ನಂಬಬೇಡಿ. ಇಂಗ್ಲೆಂಡಲ್ಲಿ ಲಾಂಛನ ಸಿಗೋದು ಒಬ್ಬ ವ್ಯಕ್ತಿಗೆ, ಅವನ ವಂಶಕ್ಕೆ. ಅಡ್ಡಹೆಸರಿಗಲ್ಲ.

ರೀಡಿಂಗ್‌ನಿಂದ:
ಮನೆಯ ಹೆಸರಿನ ಭಾಗಕ್ಕೆ ಏನು ಬರೆಸೋದು? ಹಳೆ ಮೈಸೂರು ಕಡೆಯವರಿಗೆ ಇನಿಷಿಯಲ್ ಬಿಟ್ಟರೆ ಅಡ್ಡಹೆಸರೇ ಇಲ್ಲವಲ್ಲ.

ಮಿಲ್ಟನ್ ಕೀನ್ಸ್‌ನಿಂದ:
ಅದನ್ನೇ ಬರೆಸಿ! ಮೊದಲಕ್ಷರ ಊರಿನದು, ಎರಡನೆಯದು ತಂದೆಯದು ಅಂತ ಬಿಡಿಸಿ ಬರೆದರೆ ಅದೇ ಒಂದು ಪುಟ. ವೀಸಾ ಅರ್ಜಿಯಲ್ಲಿ ತಂದೆಯ ಹೆಸರು ಅಡ್ಡಹೆಸರಿನ ಕಾಲಮ್ಮಿಗೆ ಬಿದ್ದು, ಮೊಮ್ಮಕ್ಕಳಿಗೂ ಅದೇ ಅಂಟಿಕೊಳ್ಳುತ್ತೆ. ಜಾನ್‌ನ ಮಗ ಜಾನ್ಸನ್ ಆಗಿ, ಆಮೇಲೆ ಯಾರ ಮಗನಾದರೂ ಜಾನ್ಸನ್ನೇ ಆಗಿ ಉಳಿದದ್ದೂ ಹೀಗೇ. ಉತ್ತರ ಕರ್ನಾಟಕದವರಿಗೆ ಹೋಲಿಕೆ ಇನ್ನೂ ಸುಲಭ: ಕಮ್ಮಾರ ಅಂದ್ರೆ ಸ್ಮಿತ್, ಕುಂಬಾರ ಅಂದ್ರೆ ಪಾಟರ್, ಸಿಂಪಿಗ ಅಂದ್ರೆ ಟೇಲರ್, ಬಡಿಗೇರ ಅಂದ್ರೆ ಕಾರ್ಪೆಂಟರ್. ಒಂದು ವ್ಯತ್ಯಾಸ ಮಾತ್ರ ಮುಚ್ಚಿಡಬೇಡಿ. ವಾಕರ್ ಮಗ ಬೇಕರಿ ಇಟ್ಟರೆ ಯಾರೂ ಅವನ ಕುಲ ಕೇಳಲಿಲ್ಲ. ನಮ್ಮಲ್ಲಿ ಹೆಸರಿಗೆ ಜಾತಿ ಅಂಟಿಕೊಂಡೇ ಬಂತು.

ಬ್ರಿಟನ್ನಿನಲ್ಲೇ ಮಗು ಆಗುವವರಿಗೆ: ಇಂಗ್ಲೆಂಡಲ್ಲಿ ನೋಂದಣಿಗೆ 42 ದಿನ, ಸ್ಕಾಟ್ಲೆಂಡಲ್ಲಿ 21. ಅಡ್ಡಹೆಸರು ತಂದೆಯದೋ ತಾಯಿಯದೋ ಆಗಲೇಬೇಕು ಅಂತಿಲ್ಲ, ಬೇರೆಯದೂ ಇಡಬಹುದು. ಇಂಗ್ಲೆಂಡಲ್ಲಿ ನೋಂದಣಿಯಾದ 12 ತಿಂಗಳೊಳಗೆ ಕರೆಯೋ ಹೆಸರನ್ನು ಬದಲಿಸಬಹುದು, ಅಡ್ಡಹೆಸರಿಗೆ ಆ ಸೌಲಭ್ಯ ಇಲ್ಲ. ಆಮೇಲೆ ಡೀಡ್ ಪೋಲ್ (ಹೆಸರು ಬದಲಿಸುವ ಕಾನೂನು ಪತ್ರ) ಮಾಡಿಸಬೇಕು, ಪಾಸ್‌ಪೋರ್ಟ್, ಓಸಿಐ (ವಿದೇಶಿ ಪೌರತ್ವದ ಭಾರತೀಯ ಮೂಲದವರ ಕಾರ್ಡ್) ಎಲ್ಲದರಲ್ಲೂ ಒಂದೇ ಹೆಸರು ತರಬೇಕು. ರಿಜಿಸ್ಟ್ರಾರ್ ಮುಂದೆ ಕೂರೋ ಮೊದಲೇ ಕಾಗದದ ಮೇಲೆ ಬರೆದು ಒಪ್ಪಿಕೊಳ್ಳಿ, ಸಹಿ ಮಾಡುವ ಮೊದಲು ಒಂದೊಂದು ಅಕ್ಷರ ಓದಿ.

ಎಕ್ಸೆಟರ್‌ನಿಂದ:
ಪೋಸ್ಟರ್ ಜೊತೆ ಪ್ರಯೋಗ ಬೇಕಿದ್ದರೆ: ಹಳೆ ಉಣ್ಣೆ ಸ್ವೆಟರಿನಿಂದ 20 ಸೆಂಟಿಮೀಟರ್ ಚೌಕ ಎರಡು ಕತ್ತರಿಸಿ. ಒಂದನ್ನು ಹಾಗೇ ಇಡಿ. ಇನ್ನೊಂದಕ್ಕೆ ಸೋಪು ಹಚ್ಚಿ ಬಿಸಿ ನೀರಲ್ಲಿ 15–20 ನಿಮಿಷ ನಾದಿ, ನಡುವೆ ತಣ್ಣೀರಲ್ಲಿ ಅದ್ದಿ ತೆಗೀರಿ. ಗ್ಲೌಸ್ ಹಾಕಿಕೊಳ್ಳಿ, ಬಿಸಿ ನೀರು ದೊಡ್ಡವರೇ ಹಾಕಲಿ. ಒಣಗಿದ ಮೇಲೆ ಎರಡನ್ನೂ ಅಳೆದು ಪಕ್ಕಪಕ್ಕ ಅಂಟಿಸಿ. ಲೇಬಲ್‌ನಲ್ಲಿ "ಸೂಪರ್‌ವಾಶ್" ಅಂತಿದ್ದರೆ ಆಗಲ್ಲ, ಆ ಉಣ್ಣೆಯ ಪದರಗಳನ್ನು ಕಾರ್ಖಾನೆಯಲ್ಲೇ ಸವೆಸಿರುತ್ತಾರೆ ಇಲ್ಲವೇ ಲೇಪಿಸಿರುತ್ತಾರೆ. ಅಕ್ರಿಲಿಕ್ ಆದರಂತೂ ಇಡೀ ದಿನ ನಾದಿದರೂ ಒಂದು ಮಿಲಿಮೀಟರ್ ಕುಗ್ಗಲ್ಲ.