ಸಹಾಯ ಬೇಕು: ಇಂಗ್ಲೆಂಡಿನಿಂದ ತೀರ್ಥಹಳ್ಳಿಗೆ ಬರುವ ಅಣ್ಣನಿಗೆ ಆರೋಗ್ಯ ವಿಮೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನಿಗೆ 68 ವರ್ಷ. 30 ವರ್ಷ ಇಂಗ್ಲೆಂಡಿನಲ್ಲಿ ದುಡಿದು, ಈಗ ಅತ್ತಿಗೆ ಜೊತೆ ತೀರ್ಥಹಳ್ಳಿಗೇ ಬಂದು ಇರುತ್ತಾನಂತೆ. ಬ್ರಿಟಿಷ್ ಪಾಸ್‌ಪೋರ್ಟ್, ಓಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದೆ. ನಮಗೆಲ್ಲ ತುಂಬಾ ಖುಷಿ. ಆದರೆ ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ, ಅದೇ ಚಿಂತೆ.

ಅಲ್ಲಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಚಿಕಿತ್ಸೆ ಅಲ್ಲೇ ವಾಸ ಇರುವವರಿಗೆ. ಇಷ್ಟು ವರ್ಷ ತೆರಿಗೆ ಕಟ್ಟಿದ್ದು ಲೆಕ್ಕಕ್ಕೇ ಬರಲ್ಲ. ಇಲ್ಲಿ ನೆಲೆಸಿದ ಮೇಲೆ ಅಲ್ಲಿಗೆ ಹೋಗಿ ಆಸ್ಪತ್ರೆ ಸೇರಿದರೆ ಅವರ ದರದ 150% ಕಟ್ಟಬೇಕಾಗಬಹುದು. ಅಲ್ಲಿನ ಸರ್ಕಾರಿ ಪಿಂಚಣಿಯೂ ಇಲ್ಲಿಗೆ ಬಂದ ಮೇಲೆ ವರ್ಷ ವರ್ಷ ಏರುವುದಿಲ್ಲ. ಅಷ್ಟು ದುಡಿದವನಿಗೆ ಇದು ಅನ್ಯಾಯ ಅಲ್ವಾ?

ಹಾಗಾಗಿ ಇಲ್ಲೇ ವಿಮೆ ಮಾಡಿಸಬೇಕು. ಮೊದಲೇ ಇರುವ ಕಾಯಿಲೆಗೆ ವಿಮೆಯ ಹಣ ಕೊಡಲು ಕಂಪನಿಯವರು 36 ತಿಂಗಳವರೆಗೂ ಕಾಯಿಸಬಹುದು. ಏಜೆಂಟರೊಬ್ಬರು ಸ್ಟೆಂಟ್ ವಿಷಯ ಬರೆಯೋದೇ ಬೇಡ ಅಂದರು. ಸುಳ್ಳು ಬರೆದು, ನಾಳೆ ಕ್ಲೇಮ್ ತಿರಸ್ಕರಿಸಿದರೆ ಏನು ಗತಿ? ನಾನು ಒಪ್ಪಲಿಲ್ಲ.

ಓಸಿಐ ಇದ್ದು, 65 ದಾಟಿದ ಮೇಲೆ ವಿಮೆ ಮಾಡಿಸಿದವರು ಇದ್ದೀರಾ? ಪ್ರೀಮಿಯಂ ಎಷ್ಟಾಯಿತು? ಶಿವಮೊಗ್ಗದ ಆಸ್ಪತ್ರೆಗಳಲ್ಲೇ ಕ್ಯಾಶ್‌ಲೆಸ್ ಸಿಕ್ಕಿತಾ? ಜೋರು ಮಳೆಯಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗೋದು ಎದೆನೋವಿನವರಿಗೆ ಆಗುವ ಮಾತಲ್ಲ. ಅಣ್ಣ ಮುಂದಿನ ತಿಂಗಳು ಟಿಕೆಟ್ ಮಾಡಿಸುತ್ತಾನೆ. ಅದಕ್ಕೆ ಮೊದಲು ಗೊತ್ತಾದರೆ ದೊಡ್ಡ ಉಪಕಾರ.