1966ರ ಮಸ್ಟ್ಯಾಂಗ್‌ಗೆ ಯಾವ ಆಕ್ಸಲ್, ಯಾವ ಗೇರ್? ಮಾಡಿಸಿದವರ ಅನುಭವ

ಪ್ರಶ್ನೆ – ನೋವೈ, ಮಿಷಿಗನ್

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1966ರ ಫೋರ್ಡ್ ಮಸ್ಟ್ಯಾಂಗ್ ಇದೆ. 289 ಘನ ಇಂಚಿನ ವಿ8 ಇಂಜಿನ್, ಎರಡು ಬ್ಯಾರಲ್ ಕಾರ್ಬುರೇಟರ್, ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್‌ನಲ್ಲಿ 2.80 ಗೇರ್, ಅಂದರೆ ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸ್‌ನಿಂದ ಬರುವ ಶಾಫ್ಟ್ 2.80 ಸುತ್ತು ತಿರುಗಬೇಕು. ಇಂಜಿನ್ ಚೆನ್ನಾಗಿದೆ. ಆದರೆ ಸಿಗ್ನಲ್ ಬಿಟ್ಟಾಗ ಗಾಡಿ ಎಳೆಯುವುದೇ ಇಲ್ಲ, ಪಕ್ಕದ ಮಿನಿವ್ಯಾನ್ ಮುಂದೆ ಹೋಗಿಬಿಡುತ್ತದೆ. "9 ಇಂಚಿನ ಆಕ್ಸಲ್ ತಂದು 4.11 ಗೇರ್ ಹಾಕಿಬಿಡು" ಅಂತ ಗೆಳೆಯರು ಹೇಳುತ್ತಾರೆ (ಇಂಚು ಅಂದರೆ ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ ಕ್ರೌನಿನ ಅಡ್ಡಳತೆ). ನನ್ನ ಓಡಾಟ ಜಾಸ್ತಿ ಊರೊಳಗೆ, ಆಗಾಗ ಐ-96 ಹೆದ್ದಾರಿಯಲ್ಲಿ. ಆಗಸ್ಟ್‌ನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ (ಹಳೇ ಕಾರುಗಳ ಮೆರವಣಿಗೆ) ಹೋಗುವ ಆಸೆ ಇದೆ. ರೇಸಿಗೆಲ್ಲ ಹೋಗುವುದಿಲ್ಲ. ಮಾಡಿಸಿದವರು ದಯವಿಟ್ಟು ಹೇಳಿ.

ಉತ್ತರ – ಟ್ರಾಯ್, ಮಿಷಿಗನ್

ಸರ್, ನಿಮ್ಮ ಓಡಾಟಕ್ಕೆ 9 ಇಂಚು ಬೇಡ, 4.11 ಅಂತೂ ಬೇಡವೇ ಬೇಡ. ನನ್ನದೂ 66ರ ಗಾಡಿ, ಅದೇ 289, ಅದೇ ಸಿ4. ಈಗಿರುವ 8 ಇಂಚಿನ ಆಕ್ಸಲ್‌ನಲ್ಲೇ 3.25 ಹಾಕಿಸಿ ಹಲವು ವರ್ಷದಿಂದ ಓಡಿಸುತ್ತಿದ್ದೇನೆ. ಸಾಮಾನು ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿ. ಗಂಟೆಗೆ ಎಷ್ಟು ಮೈಲಿ ಅನ್ನುವುದನ್ನು ಗೇರ್ ರೇಷಿಯೋದಿಂದ ಗುಣಿಸಿ, ಮತ್ತೆ 336ರಿಂದ ಗುಣಿಸಿ, ಟೈರಿನ ಎತ್ತರ ಎಷ್ಟು ಇಂಚೋ ಅದರಿಂದ ಭಾಗಿಸಿ. ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ ತಿರುಗುತ್ತದೆ ಅಂತ ಗೊತ್ತಾಗುತ್ತದೆ.

ಟೈರು 25.5 ಇಂಚು ಅಂತ ಇಟ್ಟುಕೊಳ್ಳಿ. 70 ಮೈಲಿ ವೇಗದಲ್ಲಿ ನಿಮ್ಮ 2.80 ಗೇರ್‌ಗೆ ಸುಮಾರು 2,580 ಆರ್‌ಪಿಎಂ. 3.25ಕ್ಕೆ 3,000. 3.55ಕ್ಕೆ 3,270. 4.11ಕ್ಕೆ 3,790! ಸಿ4ನಲ್ಲಿ ಓವರ್‌ಡ್ರೈವ್ (ಹೆದ್ದಾರಿಯಲ್ಲಿ ಇಂಜಿನ್ ನಿಧಾನ ತಿರುಗಲು ಬಿಡುವ ಮೇಲಿನ ಗೇರ್) ಇಲ್ಲ, ಟಾಪ್ ಗೇರ್ ಅಂದರೆ 1ಕ್ಕೆ 1. ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕನ್ವರ್ಟರ್ ಸ್ವಲ್ಪ ಜಾರುವುದರಿಂದ ನಿಜದಲ್ಲಿ ಇನ್ನೂ ಒಂದಿಷ್ಟು ಜಾಸ್ತಿಯೇ ಇರುತ್ತದೆ. ಆ ಸದ್ದಿನಲ್ಲಿ ಲ್ಯಾನ್ಸಿಂಗ್ ತನಕ ಹೋಗುವಷ್ಟರಲ್ಲಿ ತಲೆನೋವು ಬರುತ್ತದೆ, ಪಕ್ಕದಲ್ಲಿ ಕೂತವರ ಜೊತೆ ಮಾತಾಡಲೂ ಆಗುವುದಿಲ್ಲ.

ಇನ್ನು ಎಳೆತ. ಸಿ4ನ ಮೊದಲ ಗೇರ್ 2.46. ಅದನ್ನು 2.80ರಿಂದ ಗುಣಿಸಿದರೆ 6.9. ಅದೇ 3.25ಕ್ಕೆ 8, 3.55ಕ್ಕೆ 8.7. ಅಂದರೆ 3.55 ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ಕಾಲು ಭಾಗಕ್ಕಿಂತ ಜಾಸ್ತಿ ಏರುತ್ತದೆ, ಇಂಜಿನ್ ಮುಟ್ಟದೆ. ಇದು ಸಣ್ಣ ಮಾತಲ್ಲ. ಹೆದ್ದಾರಿ ಓಡಾಟ ಇದೆ ಅಂದಿರಿ, ಹಾಗಾಗಿ 3.25. ಮುಂದೆ ಎಂದಾದರೂ ಸಿ4 ತೆಗೆದು ಎಒಡಿ ಥರದ ನಾಲ್ಕು ಗೇರಿನ ಆಟೋಮ್ಯಾಟಿಕ್ ಹಾಕುವ ಯೋಚನೆ ಇದ್ದರೆ ಈಗಲೇ 3.55 ಹಾಕಿಸಿ. ಎಒಡಿಯ ಓವರ್‌ಡ್ರೈವ್ 0.67, ಆಗ 70 ಮೈಲಿಗೆ 2,200 ಆರ್‌ಪಿಎಂ ಅಷ್ಟೇ. ಎಳೆತವೂ ಸಿಗುತ್ತದೆ, ಹೆದ್ದಾರಿಯೂ ಹಾಯಾಗಿರುತ್ತದೆ.

9 ಇಂಚು ಗಟ್ಟಿ, ಒಪ್ಪುತ್ತೇನೆ. ಅದರ ಪಿನಿಯನ್ (ಕ್ರೌನನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ) ಕ್ರೌನಿನ ನಡುಗೆರೆಗಿಂತ ತುಂಬಾ ಕೆಳಗೆ ಕೂರುತ್ತದೆ. ಹಲ್ಲು ಜಾಸ್ತಿ ತಾಗುತ್ತವೆ, ಪಿನಿಯನ್ ತುದಿಗೂ ಒಂದು ಬೇರಿಂಗ್ ಆಸರೆ ಇದೆ. ಆದರೆ ಹಲ್ಲುಗಳ ಜಾರಾಟವೂ ಜಾಸ್ತಿ, ಅದಕ್ಕೆ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ನಿಮ್ಮ ಎರಡು ಬ್ಯಾರಲ್ 289ಕ್ಕೆ ಫೋರ್ಡ್ ಹೇಳಿದ್ದು 200 ಹಾರ್ಸ್‌ಪವರ್. ಆ ವರ್ಷ ಕಂಪನಿಯೇ 9 ಇಂಚು ಕೊಟ್ಟದ್ದು 271 ಹಾರ್ಸ್‌ಪವರಿನ ಕೆ-ಕೋಡ್ ಗಾಡಿಗೆ. ಮಾಮೂಲಿ ಟೈರು, ಮಾಮೂಲಿ ಇಂಜಿನ್ ಇರುವ ತನಕ 8 ಇಂಚಿಗೆ ಏನೂ ಆಗುವುದಿಲ್ಲ.

ಇನ್ನೊಂದು ಅನುಕೂಲ ನೋಡಿ. 8 ಇಂಚಿನಲ್ಲೂ 9 ಇಂಚಿನ ಹಾಗೆ ಕ್ರೌನ್-ಪಿನಿಯನ್ ಇರುವ ಗುಂಡು ಪೂರ್ತಿಯಾಗಿ ಮುಂದಿನಿಂದ ಕಳಚಿ ಬರುತ್ತದೆ. ನಿಮ್ಮ 2.80 ಗುಂಡನ್ನು ಹಾಗೇ ಎಣ್ಣೆ ಸವರಿ ಕಪಾಟಿನಲ್ಲಿ ಇಡಿ. ಇನ್ನೊಂದು ಹಳೇ 8 ಇಂಚಿನ ಗುಂಡು ಕೊಂಡು, ಅದಕ್ಕೆ ಹೊಸ ಗೇರ್ ಹಾಕಿಸಿ. ಕೆಲಸ ಟೇಬಲ್ ಮೇಲೆ ನಿಧಾನವಾಗಿ ಆಗುತ್ತದೆ, ಗಾಡಿ ಅಷ್ಟು ದಿನ ಓಡುತ್ತಲೇ ಇರುತ್ತದೆ. ನಾಳೆ ಮಾರುವಾಗ ಕೊಳ್ಳುವವರು "ಒರಿಜಿನಲ್ ಇದೆಯಾ" ಅಂತ ಕೇಳಿಯೇ ಕೇಳುತ್ತಾರೆ. ಆಗ ಅದನ್ನು ತೋರಿಸಬಹುದು.

ಹಳೇ ಸಾಮಾನು ಕೊಳ್ಳುವಾಗ 8 ಇಂಚೋ 9 ಇಂಚೋ ಅಂತ ತಿಳಿಯಲು ಸುಲಭ ದಾರಿ ಇದೆ. ಗುಂಡಿನ ಸುತ್ತ ಇರುವ ನಟ್‌ಗಳಿಗೆ ಸಾಕೆಟ್ ಹಾಕಿ ನೋಡಿ. ಎಲ್ಲಕ್ಕೂ ಸಾಕೆಟ್ ನೇರ ಕೂತರೆ 8 ಇಂಚು. ಕೆಳಗಿನ ಎರಡಕ್ಕೆ ಸಾಕೆಟ್ ಹೋಗದೆ ಸ್ಪ್ಯಾನರ್ ಬೇಕಾದರೆ 9 ಇಂಚು.

ಉತ್ತರ – ಶಾರ್ಲಟ್, ನಾರ್ತ್ ಕ್ಯಾರೊಲಿನಾ

ಗೇರ್ ವಿಷಯ ಟ್ರಾಯ್‌ನವರು ಹೇಳಿದ್ದೇ ಸರಿ. ಆದರೆ ಖರ್ಚು ಮಾಡುವ ಮೊದಲು ಗೇರ್ ಲಿವರ್ ಹತ್ತಿರ ಒಮ್ಮೆ ನೋಡಿ. 66ರ ಸಿ4ನಲ್ಲಿ ಎರಡು ಚುಕ್ಕೆ ಇರುತ್ತವೆ. ದೊಡ್ಡ ಹಸಿರು ಚುಕ್ಕೆಯಲ್ಲಿ ಇಟ್ಟರೆ ಗಾಡಿ ಮೊದಲ ಗೇರಿನಿಂದ ಹೊರಡುತ್ತದೆ. ಸಣ್ಣ ಚುಕ್ಕೆಯಲ್ಲಿಟ್ಟರೆ ಎರಡನೇ ಗೇರಿನಿಂದಲೇ ಹೊರಡುತ್ತದೆ, ಅದು ಹಿಮ, ಕೆಸರಿನ ರಸ್ತೆಗೆ ಅಂತ ಮಾಡಿದ್ದು. 2.80 ಆಕ್ಸಲ್ ಇಟ್ಟುಕೊಂಡು ಎರಡನೇ ಗೇರಿನಲ್ಲಿ ಹೊರಟರೆ ಯಾವ ವಿ8 ಆದರೂ ಏಳುವುದಿಲ್ಲ. ನಮ್ಮ ಬಳಗದಲ್ಲೇ ಒಬ್ಬರು ಕಾರ್ಬುರೇಟರ್, ಇಗ್ನಿಷನ್ ಎಲ್ಲ ಬದಲಿಸಿದ ಮೇಲೆ ಇದು ಗೊತ್ತಾಯಿತು.

ಹಾಗೇ, 2.80 ಅಂತ ಹೇಗೆ ಗೊತ್ತಾಯಿತು? ಬಾಗಿಲಿನ ಪ್ಲೇಟ್ ನೋಡಿದ್ದಾದರೆ ಅದು ಫ್ಯಾಕ್ಟರಿಯಿಂದ ಬಂದಾಗಿನ ಮಾತು. ಅಲ್ಲಿ ಆಕ್ಸಲ್ ಕೋಡ್ ಅಂಕಿ ಆಗಿದ್ದರೆ ಮಾಮೂಲಿ ಓಪನ್ ಡಿಫರೆನ್ಷಿಯಲ್, ಅಕ್ಷರ ಆಗಿದ್ದರೆ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ಜಾರಿ ತಿರುಗದಂತೆ ತಡೆಯುವುದು). ಇಷ್ಟು ವರ್ಷದಲ್ಲಿ ಯಾರು ಏನು ಬದಲಿಸಿದ್ದಾರೋ! ಒಂದು ಹಿಂದಿನ ಚಕ್ರ ಮಾತ್ರ ಎತ್ತಿ, ಇನ್ನೊಂದಕ್ಕೆ ಎರಡೂ ಕಡೆ ಕಟ್ಟೆ ಕೊಟ್ಟು, ಸ್ಟ್ಯಾಂಡ್ ಹಾಕಿ ನ್ಯೂಟ್ರಲ್ ಮಾಡಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಹೋಗುವುದು) ಎಷ್ಟು ಸುತ್ತು ಬಂತು ಅಂತ ಸೀಮೆಸುಣ್ಣದ ಗುರುತು ಹಾಕಿ ಎಣಿಸಿ. ಮೂರಕ್ಕಿಂತ ಚೂರು ಕಡಿಮೆ ಬಂದರೆ 2.80. ಇದು ಓಪನ್ ಡಿಫರೆನ್ಷಿಯಲ್‌ಗೆ ಮಾತ್ರ.

ಉತ್ತರ – ಕೊಲಂಬಸ್, ಒಹಾಯೊ

ನಾನು ಬೇರೆ ದಾರಿ ಹಿಡಿದವನು, ಅದನ್ನೂ ಹೇಳುತ್ತೇನೆ. ನನ್ನ 65ರ ಮಸ್ಟ್ಯಾಂಗ್‌ಗೆ 302 ಇಂಜಿನ್ ಮತ್ತು ಐದು ಗೇರಿನ ಟಿ-5 ಗೇರ್‌ಬಾಕ್ಸ್ ಇದೆ. ಹಿಂದಕ್ಕೆ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಇಂಚಿನ ಆಕ್ಸಲ್ ಹಾಕಿದ್ದೇನೆ. 1995ರಿಂದ 2001ರ ಎಕ್ಸ್‌ಪ್ಲೋರರ್‌ಗಳದ್ದು. ಗುಜರಿ ಯಾರ್ಡಿನಲ್ಲಿ ಸಿಗುತ್ತದೆ, 31 ಸ್ಪ್ಲೈನ್ (ತುದಿಯ ಹಲ್ಲು) ಇರುವ ಶಾಫ್ಟ್, ಡಿಸ್ಕ್ ಬ್ರೇಕು ಅದರ ಜೊತೆಗೇ ಬರುತ್ತದೆ, ಚಕ್ರದ ಐದು ಬೋಲ್ಟುಗಳ ಅಳತೆಯೂ ನಮ್ಮ ವಿ8 ಗಾಡಿಯದ್ದೇ. 3.73 ಇರುವುದನ್ನೇ ಹುಡುಕಿದೆ, ಹಾಗಾಗಿ ಗೇರ್ ಸೆಟ್ ಮಾಡಿಸುವ ಖರ್ಚೂ ಉಳಿಯಿತು.

ಕೇಳಲು ಸುಲಭ, ಕೆಲಸ ಜಾಸ್ತಿ. 65–66ರ ಮಸ್ಟ್ಯಾಂಗಿನ ಆಕ್ಸಲ್ ಅಗಲ 57.25 ಇಂಚು. ಎಕ್ಸ್‌ಪ್ಲೋರರ್‌ನದ್ದು ಅದಕ್ಕಿಂತ ಎರಡು ಇಂಚಿಗೂ ಜಾಸ್ತಿ ಅಗಲ, ಪಿನಿಯನ್ ಕೂಡ ನಡುವಿನಲ್ಲಿಲ್ಲ. ಡ್ರೈವರ್ ಕಡೆಯ ಕೊಳವೆ ಉದ್ದ. ಅದನ್ನು ಸುಮಾರು ಮೂರು ಇಂಚು ಕತ್ತರಿಸಿ, ಎರಡೂ ಕಡೆಗೆ ಬಲಗಡೆಯ ಗಿಡ್ಡ ಶಾಫ್ಟೇ ಹಾಕುತ್ತಾರೆ. ಆಗ ಅಗಲವೂ ಹೊಂದುತ್ತದೆ, ಪಿನಿಯನ್ನೂ ನಡುವಿಗೆ ಬರುತ್ತದೆ. ಕತ್ತರಿಸಿ ಬೆಸೆಯುವಾಗ ಕೊಳವೆ ನೇರ ಇರಲು ಜಿಗ್ ಇರುವ ಅಂಗಡಿಯೇ ಬೇಕು. ಕೂದಲೆಳೆ ಸೊಟ್ಟ ಆದರೂ ಬೇರಿಂಗ್ ತಿನ್ನುತ್ತದೆ. ಹಾಗೆಯೇ ಕೊಳವೆಗಳನ್ನು ಮಧ್ಯದ ಎರಕದ ಭಾಗಕ್ಕೂ ಸುತ್ತ ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಜೋರು ಎಳೆತಕ್ಕೆ ಅವು ಒಳಗೇ ತಿರುಗಬಹುದು.

ಲೀಫ್ ಸ್ಪ್ರಿಂಗ್ ಕೂರುವ ಪೀಠಗಳನ್ನು ಮೊದಲೇ ಬೆಸೆಯಬೇಡಿ. ಗಾಡಿಯನ್ನು ಅದರ ತೂಕದ ಮೇಲೆ ನಿಲ್ಲಿಸಿ, ಪಿನಿಯನ್ ಕೋನ ನೋಡಿಕೊಂಡು, ಟ್ಯಾಕ್ (ಚುಕ್ಕೆ ವೆಲ್ಡ್) ಮಾತ್ರ ಹಾಕಿ. ಎಲ್ಲ ಸರಿ ಅನ್ನಿಸಿದ ಮೇಲೆ ಹೊರತೆಗೆದು ಪೂರ್ತಿ ವೆಲ್ಡ್. ಆಮೇಲೆ ಪ್ರೊಪೆಲ್ಲರ್ ಶಾಫ್ಟ್ ಅಳೆದು ಮಾಡಿಸಬೇಕು. ಹ್ಯಾಂಡ್‌ಬ್ರೇಕ್ ಕೇಬಲ್ ಬೇರೆ.

ಬ್ರೇಕ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ನಿಮ್ಮ 66ರಲ್ಲಿ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದ್ದು, ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಮುಂದೆ ಡ್ರಮ್ ಇಟ್ಟುಕೊಂಡು ಹಿಂದೆ ಮಾತ್ರ ಡಿಸ್ಕ್ ಹಾಕಿದರೆ, ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಕಚ್ಚಿ ಗಾಡಿ ತಿರುಗಿ ನಿಲ್ಲುತ್ತದೆ. ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ಮುಂದಿನ ಡಿಸ್ಕ್, ಹಿಂದಕ್ಕೆ ಒತ್ತಡ ಕಡಿಮೆ ಮಾಡುವ ವಾಲ್ವ್, ಇವು ಆಗದೆ ಹಿಂದಿನ ಡಿಸ್ಕ್ ಬೇಡ. ಮನೆಯವರು ಕೂರುವ ಗಾಡಿ ಅಲ್ವಾ.

ಉತ್ತರ – ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ನಮ್ಮದು 1970ರ ಶೆವೆಲ್. ಷೆವ್ರೊಲೆ ಗಾಡಿ ಇರುವವರೂ ಇದನ್ನು ಓದುತ್ತಿರಬಹುದು ಅಂತ ಎರಡು ಮಾತು. ನಮ್ಮಲ್ಲಿ ಗುಂಡು ಮುಂದಿನಿಂದ ಬರುವುದಿಲ್ಲ, ಹಿಂದಿನ ಮುಚ್ಚಳ ತೆಗೆದು ಗಾಡಿಯ ಕೆಳಗೇ ಕೆಲಸ. 12 ಬೋಲ್ಟಿನ ಆಕ್ಸಲ್‌ನಲ್ಲಿ ಕ್ಯಾರಿಯರ್ (ಕ್ರೌನ್ ಕೂರುವ ಭಾಗ) ಕೂಡ ಗೇರಿಗೆ ತಕ್ಕಂತೆ ಬೇರೆ ಬೇರೆ. 3.08ರಿಂದ 3.73ರ ತನಕ ಒಂದು, 3.90 ದಾಟಿದರೆ ಇನ್ನೊಂದು. ಗೇರ್ ಮಾತ್ರ ಕೊಂಡು ತಂದರೆ ಕೂರುವುದಿಲ್ಲ. ಮಸ್ಟ್ಯಾಂಗ್‌ನವರಿಗೆ ಈ ತಾಪತ್ರಯ ಇಲ್ಲ.

ಮರುಪ್ರಶ್ನೆ – ನೋವೈ

ತುಂಬಾ ಧನ್ಯವಾದಗಳು. ಲಿವರ್ ದೊಡ್ಡ ಚುಕ್ಕೆಯಲ್ಲೇ ಇದೆ. ಶಾಫ್ಟ್ ಎಣಿಸಿಯೂ ನೋಡಿದೆ, 2.80 ನಿಜ. 8 ಇಂಚಿನಲ್ಲೇ 3.25 ಅಂತ ತೀರ್ಮಾನ ಮಾಡಿದೆ. ಗೇರ್ ನಾನೇ ಕೂರಿಸಬಹುದಾ, ಅಂಗಡಿಗೆ ಕೊಡಲಾ? ಲಿಮಿಟೆಡ್ ಸ್ಲಿಪ್ ಬೇಕಾ?

ಉತ್ತರ – ಟ್ರಾಯ್

ಗುಂಡು ಬಿಚ್ಚುವುದು, ಹಾಕುವುದು ನೀವೇ ಮಾಡಿ. ಕ್ರೌನ್-ಪಿನಿಯನ್ ಸೆಟ್ಟಿಂಗ್ ಮಾತ್ರ ದಿನವೂ ಇದೇ ಕೆಲಸ ಮಾಡುವವರಿಗೆ ಕೊಡಿ. ಆದರೆ ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತಿರಲಿ, ಯಾಕೆಂದರೆ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಅದರಲ್ಲೇ ಇದೆ.

ಕ್ರೌನಿನ ಕೆಲವು ಹಲ್ಲುಗಳಿಗೆ ಹಳದಿ ಪೇಸ್ಟ್ ಹಚ್ಚಿ, ಕ್ರೌನನ್ನು ಸ್ವಲ್ಪ ತಡೆ ಹಿಡಿದು ಪಿನಿಯನ್ ತಿರುಗಿಸುತ್ತಾರೆ. ಪಿನಿಯನ್ ಹಲ್ಲು ಉಜ್ಜಿದ ಕಡೆ ಪೇಸ್ಟ್ ಸರಿದು ಲೋಹ ಹೊಳೆಯುತ್ತದೆ. ಆ ಗುರುತು ಹಲ್ಲಿನ ಎತ್ತರದ ನಡುವೆ ಮೊಟ್ಟೆಯಾಕಾರದಲ್ಲಿ ಬರಬೇಕು. ಬುಡಕ್ಕೆ ಇಳಿದಿದ್ದರೆ ಪಿನಿಯನ್ ಒಳಗೆ ಜಾಸ್ತಿ ಹೋಗಿದೆ. ಮೇಲಿನ ಅಂಚಿಗೆ ಏರಿದ್ದರೆ ಪಿನಿಯನ್ ಹೊರಗೆ ಉಳಿದಿದೆ. 8 ಮತ್ತು 9 ಇಂಚಿನಲ್ಲಿ ಶಿಮ್ (ಅಳತೆ ಹೊಂದಿಸುವ ತೆಳು ಲೋಹದ ಬಿಲ್ಲೆ) ಕೂರುವುದು ಪಿನಿಯನ್ ಹೌಸಿಂಗ್ ಮತ್ತು ಗುಂಡಿನ ನಡುವೆ. ಹಾಗಾಗಿ ದಪ್ಪ ಶಿಮ್ ಹಾಕಿದರೆ ಪಿನಿಯನ್ ಹೊರಗೆ ಬರುತ್ತದೆ. ಬೇರೆ ಬಹಳಷ್ಟು ಆಕ್ಸಲ್‌ಗಳಲ್ಲಿ ಇದು ಉಲ್ಟಾ. ಬರೀ ಷೆವ್ರೊಲೆ ಮಾಡಿ ರೂಢಿಯಾದವರು ಇಲ್ಲೇ ತಡವರಿಸುವುದು. ಹಲ್ಲುಗಳ ನಡುವಿನ ಆಟ (ಬ್ಯಾಕ್‌ಲ್ಯಾಶ್) ಡಯಲ್ ಗೇಜ್‌ನಲ್ಲಿ 0.008ರಿಂದ 0.012 ಇಂಚಿನ ಒಳಗೆ ಬರಬೇಕು, ಗೇರಿನ ಜೊತೆ ಬಂದ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಲೆಕ್ಕ. "ಕೆಲಸ ಮುಗಿದ ಮೇಲೆ ಪೇಸ್ಟ್ ಗುರುತಿನ ಫೋಟೋ ಮತ್ತು ಬ್ಯಾಕ್‌ಲ್ಯಾಶ್ ಅಳತೆ ಕೊಡುತ್ತೀರಾ?" ಅಂತ ಮೊದಲೇ ಕೇಳಿ. ಹಿಂದೆಮುಂದೆ ನೋಡಿದರೆ ಬೇರೆ ಅಂಗಡಿ ಹುಡುಕಿ.

ಲಿಮಿಟೆಡ್ ಸ್ಲಿಪ್ ಹಾಕಿಸುವುದಾದರೆ ಈಗಲೇ ಹಾಕಿಸಿ, ಹೇಗಿದ್ದರೂ ಗುಂಡು ಬಿಚ್ಚಿರುತ್ತದೆ. ಬೇಸಿಗೆಯಲ್ಲಿ ಮಾತ್ರ ಓಡಿಸುವ ಗಾಡಿಗೆ ಓಪನ್ ಕೂಡ ನಡೆಯುತ್ತದೆ. ನನಗೆ ಕೇಳಿದರೆ ಗೇರ್ ಮಾದರಿಯ ಟ್ರೂಟ್ರ್ಯಾಕ್ ಥರದ್ದು ಒಳ್ಳೆಯದು. ಕ್ಲಚ್ ಪ್ಲೇಟ್ ಸವೆಯುವ ಮಾತಿಲ್ಲ, ತಿರುವಿನಲ್ಲಿ ಸದ್ದಿಲ್ಲ. ಕ್ಲಚ್ ಮಾದರಿ ಹಾಕಿಸಿದರೆ ಎಣ್ಣೆಗೆ ಫ್ರಿಕ್ಷನ್ ಮಾಡಿಫೈಯರ್ ಸೇರಿಸುವುದು ಮರೆಯಬೇಡಿ. ಎರಡು ಚಕ್ರವನ್ನೂ ಒಟ್ಟಿಗೆ ಕಟ್ಟಿಬಿಡುವ ಲಾಕರ್, ಸ್ಪೂಲ್ ಎರಡೂ ಊರೊಳಗಿನ ಓಡಾಟಕ್ಕೆ ಬೇಡ.

ಬಿಚ್ಚುವಾಗ ಪ್ರತಿ ಚಕ್ರದ ಹಿಂದಿನ ನಾಲ್ಕು ನಟ್ ತೆಗೆದು ಆಕ್ಸಲ್ ಶಾಫ್ಟ್ ಹೊರಗೆ ಎಳೆಯಬೇಕು, ಫ್ಲ್ಯಾಂಜಿನ ತೂತಿನಿಂದ ಸಾಕೆಟ್ ಹೋಗುತ್ತದೆ. ಎಣ್ಣೆ ಖಾಲಿ ಮಾಡುವ ಪ್ಲಗ್ ಹುಡುಕಬೇಡಿ. ಗುಂಡು ಸಡಿಲವಾದ ಕೂಡಲೇ ಕೆಳಗಿನಿಂದ ಸುರಿಯುತ್ತದೆ, ಅಗಲದ ತಟ್ಟೆ ಇಡಿ. ಗುಂಡು ಭಾರ ಇದೆ, ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ, ಜ್ಯಾಕ್ ಕೊಡಿ. ನಟ್‌ಗಳ ಕೆಳಗೆ ತಾಮ್ರದ ವಾಷರ್ ಇರುತ್ತವೆ, ಮತ್ತೆ ಹಾಕುವಾಗ ಹೊಸದೇ ಹಾಕಿ, ಇಲ್ಲದಿದ್ದರೆ ಅಲ್ಲಿಂದಲೇ ಎಣ್ಣೆ ಜಿನುಗುತ್ತದೆ. ಶಾಫ್ಟ್ ಹೊರಗಿರುವಾಗಲೇ ಬೇರಿಂಗ್, ಸೀಲ್ ಬದಲಿಸಿಬಿಡಿ.

ಹೊಸ ಗೇರನ್ನು ಮೊದಲ ದಿನ ಹದವಾಗಿ ಹದಿನೈದು-ಇಪ್ಪತ್ತು ಮೈಲಿ ಓಡಿಸಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಒಂದೆರಡು ಸಲ. 500 ಮೈಲಿ ತನಕ ಜೋರು ಎಳೆತ ಬೇಡ, ಆಮೇಲೆ ಎಣ್ಣೆ ಬದಲಿಸಿ. ಗುಂಯ್ ಅನ್ನುವ ಸದ್ದು ಆಕ್ಸಲರೇಟರ್ ಒತ್ತಿದಾಗ ಬಿಟ್ಟಾಗ ಬದಲಾದರೆ ಅದು ಗೇರ್. ಒತ್ತಿದರೂ ಬಿಟ್ಟರೂ ಒಂದೇ ಥರ ಇದ್ದು, ತಿರುವಿನಲ್ಲಿ ಬದಲಾದರೆ ಚಕ್ರದ ಬೇರಿಂಗ್.

ಸ್ಪೀಡೋಮೀಟರ್ ಮರೆಯಬೇಡಿ. 2.80ಯಿಂದ 3.25ಕ್ಕೆ ಹೋದಾಗ ಗಾಡಿ 60ರಲ್ಲಿದ್ದರೆ ಮುಳ್ಳು 70 ತೋರಿಸುತ್ತದೆ. ಗೇರ್‌ಬಾಕ್ಸ್‌ಗೆ ಹೋಗುವ ಕೇಬಲ್ ತುದಿಯ ಸಣ್ಣ ಪ್ಲಾಸ್ಟಿಕ್ ಗೇರನ್ನು ಜಾಸ್ತಿ ಹಲ್ಲಿನದಕ್ಕೆ ಬದಲಿಸಿದರೆ ಸರಿಹೋಗುತ್ತದೆ.

ಕೊನೆಗೆ ಆಕ್ಸಲ್ ಕೊಳವೆಯ ಮೇಲಿರುವ ಗಾಳಿ ತೂತು ನೋಡಿ. ಹಿಂದಿನ ಬ್ರೇಕ್ ಹೋಸ್ ಕಟ್ಟಿರುವ ಬೋಲ್ಟಿನಲ್ಲೇ ಅದು ಇರುತ್ತದೆ, ವರ್ಷಗಟ್ಟಲೆ ಕೊಳೆ ತುಂಬಿ ಮುಚ್ಚಿಹೋಗಿರುತ್ತದೆ. ಎಣ್ಣೆ ಬಿಸಿಯಾದಾಗ ಒಳಗಿನ ಗಾಳಿಗೆ ದಾರಿ ಇಲ್ಲದೆ ಹೊಸ ಸೀಲನ್ನೇ ತಳ್ಳಿ ಎಣ್ಣೆ ಬ್ರೇಕ್ ಡ್ರಮ್ಮಿನೊಳಗೆ ಬರುತ್ತದೆ. ಒಂದು ತಂತಿ ಹಾಕಿ ಚುಚ್ಚಿ ಸ್ವಚ್ಛ ಮಾಡಿ, ಆಮೇಲೆ ಎಣ್ಣೆ ತುಂಬಿಸಿ.