ಶಾಂತಲೆಯಿಂದ ಕಲಿಯೋದು ಏನು?

ಚಿಕ್ಕಪ್ಪ, ನಿಮ್ಮ ಬೆಳಗಿನ ಮೆಸೇಜ್ ಈಗಷ್ಟೇ ನೋಡಿದೆ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಬೈಯಬೇಡಿ.

"ಗಂಡನಿಗೆ ಮಗ ಹುಟ್ಟಲಿ ಅಂತ ಬೆಟ್ಟದಿಂದ ಹಾರಿ ಪ್ರಾಣ ಬಿಟ್ಟ ಶಾಂತಲೆಯನ್ನು ನೋಡಿ ಈಗಿನ ಹುಡುಗಿಯರು ಕಲಿಯಬೇಕು" ಅಂತ ಬರೆದಿದ್ದೀರಿ. ಅದಕ್ಕೆ ಪುಟ್ಟಿ, "ಅರಮನೆ ಸೇರಿದ್ದು ಬಿಟ್ಟರೆ ಆ ರಾಣಿಯರು ಮಾಡಿದ್ದಾದರೂ ಏನು?" ಅಂತ ಕೇಳಿದ್ದಾಳೆ.

ಹೊಯ್ಸಳರ ರಾಣಿ ಶಾಂತಲೆ ತೀರಿಕೊಂಡಿದ್ದು 1131ರಲ್ಲಿ, ಶಿವಗಂಗೆಯಲ್ಲಿ. ಶ್ರವಣಬೆಳಗೊಳದ ಶಾಸನ ಹೇಳೋದು ಅಷ್ಟೇ. ಹಾರಿದ್ದು, ತ್ಯಾಗ ಮಾಡಿದ್ದು ಎಲ್ಲ ಜನರ ಬಾಯಲ್ಲಿ ಬೆಳೆದ ಕತೆ. ಅದೇ ಬೆಳಗೊಳದಲ್ಲಿ 1123ರಲ್ಲಿ ಅವಳು ಒಂದು ಬಸದಿ ಕಟ್ಟಿಸಿದಳು. ಹೆಸರು ಏನು ಗೊತ್ತಾ? ಸವತಿಗಂಧವಾರಣ ಬಸದಿ! ಅದು ಅವಳ ಬಿರುದು. ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ ಅಂತ ಅರ್ಥ. ಸವತಿಗೆ ದಾರಿ ಬಿಟ್ಟು ಸತ್ತಳು ಅಂತ ನಾವು ಕಣ್ಣೀರು ಹಾಕ್ತಾ ಇರೋದು ಇಂಥವಳಿಗೆ. ನನಗಂತೂ ನಗು ಬಂತು.

ಗಂಡ ವಿಷ್ಣುವರ್ಧನ ವೈಷ್ಣವನಾದರೂ ಇವಳು ಜೈನಳಾಗಿಯೇ ಉಳಿದಳು. ಹಾಗಂತ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನೂ ಕಟ್ಟಿಸಿದಳು. ಕಲಿಯೋದಿದ್ದರೆ ಇದನ್ನು ಕಲಿಯಬಹುದು, ಅಲ್ವಾ?

ಪುಟ್ಟಿ, ನಿನ್ನ ಮಾತನ್ನೂ ತಳ್ಳಿಹಾಕಲ್ಲ. ಬಸದಿಯ ಖರ್ಚಿಗೆ ಅವಳು ಊರು ದತ್ತಿ ಬಿಟ್ಟಳು. ಆ ಊರಿನಲ್ಲಿ ಗೇಯ್ದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಆದರೆ ಅರಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಕೆಲಸ ತಾನಾಗೇ ಆಗಲ್ಲ. ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದಳು, 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಶಾಸನದಲ್ಲಿ ಅವಳ ಬಿರುದು ಗುಣದಬೆಡಂಗಿ. ಯುದ್ಧ ಅಂದರೆ ನನಗೆ ಆಗಲ್ಲ, ಅದನ್ನು ಅನುಸರಿಸು ಅಂತಲೂ ಹೇಳಲ್ಲ. ಆದರೆ ಒಂದು ನಾಡಿನ ಲೆಕ್ಕ, ಜಗಳ, ದತ್ತಿ ಎಲ್ಲ ನೋಡಿಕೊಂಡವಳು ಸುಮ್ನೆ ಕೂತು ಉಂಡವಳಲ್ಲ.

ದೆಹಲಿಯ ರಜಿಯಾ ಆಳಿದ್ದು 1236ರಿಂದ 1240ರವರೆಗೆ. ಅರಸನಿಗೆ ಬೇಕಾದ ಗುಣ ಎಲ್ಲ ಇತ್ತು, ಗಂಡಾಗಿ ಹುಟ್ಟಲಿಲ್ಲವಲ್ಲ ಅಂತ ಅವಳ ಕಾಲದ ಇತಿಹಾಸಕಾರ ಮಿನ್ಹಾಜ್ ಬರೆದ. ಈ ಮಾತನ್ನು ನಮ್ಮ ಆಫೀಸಿನಲ್ಲೂ ಕೇಳಿದ್ದೇನೆ, ಪದ ಮಾತ್ರ ಬೇರೆ.

ಅಂದ ಹಾಗೆ ಚಿಕ್ಕಪ್ಪ, ನೀವು ಕಳಿಸಿದ ಚಿತ್ರ ಬೇಲೂರಿನ ದರ್ಪಣ ಸುಂದರಿ. ಕನ್ನಡಿ ಹಿಡಿದ ಆ ಶಿಲಾಬಾಲಿಕೆ ಶಾಂತಲೆಯೇ ಅನ್ನೋದು ಗೈಡ್‌ಗಳ ಮಾತು. ಚಿತ್ರ ಚೆನ್ನಾಗಿದೆ, ಇರಲಿ. ಕೆಳಗಿನ ಆ ತ್ಯಾಗದ ಸಾಲು ಮಾತ್ರ ಅಳಿಸಿ, ಪುಟ್ಟಿ ಅದನ್ನು ನೋಡಿಯೇ ರೇಗಿದ್ದು.